ಅಮ್ಮನ ಸರದಿಯ ಪ್ರಾರ್ಥನೆ

ನಮ್ಮಮ್ಮ ಗಂಡನ್ನ ಬೈಯೋಕೆ ಇಟ್ಟುಕೊಂಡಿದ್ದ ಹೊತ್ತು ಅಂದರೆ ಸಂಜೆಯ ಪ್ರಾರ್ಥನೆ. ನಗಬೇಡಿ. ಹಗಲೆಲ್ಲ ತುಟಿ ಪಿಟಕ್ ಅನ್ನದ ಹೆಂಗಸು, ಕಣ್ಣು ಮುಚ್ಚಿ ಕೈ ಮುಗಿದಳೋ, ಮುಗೀತು, ಅಪ್ಪನ ಗ್ರಹಚಾರ ಬಿಡಿಸಿಬಿಡೋಳು.

ಅರಕಲಗೂಡಲ್ಲಿ ಆಗ ಕ್ರೈಸ್ತರ ಮನೆ ಅಂತ ಇದ್ದದ್ದು ಬೆರಳೆಣಿಕೆಯಷ್ಟು. ಅಪ್ಪ ಸ್ಕೂಲ್ ಮೇಷ್ಟ್ರು. ಸಭೆಯ ಪಾದ್ರಿ ಅಯ್ಯನೋರು ಹಾಸನದಿಂದ ಬಸ್ಸು ಸಿಕ್ಕಾಗ ಬಂದು ಆರಾಧನೆ ನಡೆಸಿ ಹೋಗೋರು. ಉಳಿದ ದಿನ ನಮ್ಮ ಆತ್ಮಗಳ ಉಸ್ತುವಾರಿ ಅಪ್ಪಂದೇ. ದೀಪ ಹಚ್ಚಿದ ಮೇಲೆ, ಊಟಕ್ಕೆ ಮೊದಲು, ಚಾಪೆ ಹಾಸಿ ಎಲ್ಲರೂ ಕೂರಬೇಕು. ಚಿಕ್ಕವಳು ನಾನು ಮೊದಲು, ಆಮೇಲೆ ಅಕ್ಕ, ಆಮೇಲೆ ಅಮ್ಮ, ಕೊನೆಗೆ ಅಪ್ಪ. ಬಾಯಿಬಿಟ್ಟು, ಗಟ್ಟಿಯಾಗಿ. ಒಂದು ಸಂಜೆ ಅಕ್ಕನ ಸರದಿಯಲ್ಲಿ ಪಕ್ಕದ ಮನೆ ಕೋಳಿ ಒಳಕ್ಕೆ ಬಂದು ಅಪ್ಪನ ಬೈಬಲ್ಲಿನ ಮೇಲೆ ಹತ್ತಿ ಕೂತಿತು. ನಾನು ಕಿಸಕ್ಕನೆ ನಕ್ಕೆ. ಅಪ್ಪ ಆಗಲೇ ಕಟ್ಟಳೆ ಮಾಡಿದ: ಒಬ್ಬರು ಪ್ರಾರ್ಥನೆ ಮಾಡುವಾಗ ಇನ್ನೊಬ್ಬರು ಬಾಯಿ ಹಾಕಕೂಡದು, ಆಕಾಶ ಕಳಚಿ ಬಿದ್ದರೂ. ಪಾಪ, ಆ ಉರುಳು ತನ್ನ ಕತ್ತಿಗೇ ಬೀಳುತ್ತೆ ಅಂತ ಅವನಿಗೆ ಹೊಳೆಯಲಿಲ್ಲ.

ಅಪ್ಪ ದೇವರ ಹತ್ತಿರ ಪುಸ್ತಕದ ಕನ್ನಡ ಮಾತಾಡೋನು. "ಸರ್ವಶಕ್ತನಾದ ಕರ್ತನೇ, ನಿನ್ನ ಅಯೋಗ್ಯ ದಾಸನಾದ ನಾನು" ಅಂತ ಶುರು ಮಾಡಿದರೆ ಒಲೆ ಹತ್ತಿರ ಮುದ್ದೆ ಆರಿ ಕಲ್ಲಾಗೋದು. ಅಮ್ಮನಿಗೆ ಅಷ್ಟು ಮರ್ಯಾದೆ ಎಲ್ಲಿಂದ ಬರಬೇಕು? ಅವಳ ದೇವರು ಅಡುಗೆಮನೆ ಹೊಸ್ತಿಲ ಮೇಲೆ ಬಂದು ಕೂತಿರೋ ಅಣ್ಣ ಇದ್ದಂಗೆ.

"ಯೇಸಪ್ಪಾ, ಸೌದೆಯೆಲ್ಲಾ ಅಸೀದು ಕಣಪ್ಪಾ. ಊದೀ ಊದೀ ನನ್ ಕಣ್ಣೇ ಓಯ್ತು. ಈ ಮನೇಲಿ ಇನ್ಯಾರಿಗಾದ್ರೂ ಕಣ್ಣು ಕಾಣೋ ಅಂಗೆ ಮಾಡು."

ಮಾರನೇ ದಿನ ಅಪ್ಪ ಒಣ ಸೌದೆ ತಂದು ಹಿತ್ತಲಲ್ಲಿ ಧಡ್ ಅಂತ ಹಾಕೋನು. "ನೋಡ್ದೇನೇ, ಬೇಡ್ಕಂಡ್ರೆ ಕೊಡ್ತಾನೆ" ಅನ್ನೋಳು ಅಮ್ಮ ನನಗೆ. ಯಾರು ಕೊಟ್ಟದ್ದು ಅಂತ ನಾನೂ ಕೇಳುತ್ತಿರಲಿಲ್ಲ.

ಅಕ್ಕ ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಕಲಿಯೋಕೆ ಹೋದಳು. ಕಲಿತು ಅಲ್ಲೇ ಕೆಲಸಕ್ಕೂ ಸೇರಿದಳು. ಚನ್ನರಾಯಪಟ್ಟಣದ ಹತ್ತಿರ ದಂಡಿಗನಹಳ್ಳಿ ಕಡೆಯ ಗೌಡರ ಹುಡುಗನೊಬ್ಬ ಕಾಲು ಮುರಿದುಕೊಂಡು ಬಂದ. ಕಾಲು ಕೂಡಿದ ಮೇಲೆ ಅವನನ್ನೇ ರಿಜಿಸ್ಟರ್ ಮದುವೆ ಆಗಿ ಅವನ ಊರಿಗೇ ಹೋದಳು. ಅವನು ಚರ್ಚಿಗೆ ಬರಲ್ಲ, ಇವಳು ಚರ್ಚು ಬಿಡಲ್ಲ. ಅವರಿಬ್ಬರಿಗೆ ಅದರಿಂದ ಏನೂ ತೊಂದರೆ ಆಗಲಿಲ್ಲ. ಆದದ್ದು ಅಪ್ಪನಿಗೆ. "ಇನ್ನು ಈ ಮನೇಲಿ ಅವಳ ಮಾತು ಎತ್ತಕೂಡದು" ಅಂದುಬಿಟ್ಟ.

ಯಾರೂ ಎತ್ತಲಿಲ್ಲ. ಅಮ್ಮ ಎತ್ತಿದ್ದು ಪ್ರಾರ್ಥನೆಯಲ್ಲಿ.

"ಯೇಸಪ್ಪಾ, ನಿನ್ ದೊಡ್ಡ ಮಗಳು ಅಲ್ಲಿ ಚೆನ್ನಾಗಿರ್ಲಿ. ನಿನ್ ಮಗಳು ಅಂತೀನಿ, ಯಾಕೇಂದ್ರೆ ಇಲ್ಲಿ ಅವಳಿಗೆ ಅಪ್ಪ ಇಲ್ವಂತೆ."

ಅಪ್ಪ ಬುಸುಗುಟ್ಟಿದ. ಕಟ್ಟಳೆ ಮಾಡಿದೋನು ತಾನೇ, ಈಗ ಏನಂತ ಬಾಯಿ ಬಿಟ್ಟಾನು? ಆದರೆ ಅವನೇನು ಕಮ್ಮಿ ಆಸಾಮಿಯಲ್ಲ. ತನ್ನ ಸರದಿಯ ಕೊನೆಯಲ್ಲಿ ಯಾವಾಗಲೂ "ನಮ್ಮೆಲ್ಲರ ಪ್ರಾರ್ಥನೆಗಳನ್ನೂ ಲಾಲಿಸು" ಅನ್ನೋನು, ಅವತ್ತು "ಲಾಲಿಸತಕ್ಕ ಪ್ರಾರ್ಥನೆಗಳನ್ನು ಮಾತ್ರ ಲಾಲಿಸು" ಅಂದ. ಎಲಾ ಇವನ! ದೇವರಿಗೇ ಮೇಷ್ಟ್ರಾಗೋಕೆ ಹೊರಟ. ಮಾರನೇ ದಿನ ಸಾರಿಗೆ ಉಪ್ಪಿರಲಿಲ್ಲ. ಅಪ್ಪ ಕಮಕ್ ಕಿಮಕ್ ಅನ್ನದೆ ಉಂಡ.

ನನಗೆ ಭಕ್ತಿ ಆಗಲೂ ಅಷ್ಟಕ್ಕಷ್ಟೇ. ನನ್ನ ಪ್ರಾರ್ಥನೆಯೆಲ್ಲ ಲಂಗದ ಬಟ್ಟೆ, ಗಣಿತದ ಪರೀಕ್ಷೆ, ಇಂಥವು. ಆದರೆ ಅಕ್ಕ ಇಲ್ಲದ ಚಾಪೆ ನೋಡಿದಾಗೆಲ್ಲ, ಶತ್ರುಗಳನ್ನು ಪ್ರೀತಿಸಬೇಕು ಅಂತ ಊರಿಗೆಲ್ಲ ಹೇಳೋ ಈ ಮನುಷ್ಯನಿಗೆ ಸ್ವಂತ ಮಗಳು ಶತ್ರುವಿಗಿಂತ ಕಡೆಯಾದಳಾ ಅಂತ ಸಿಟ್ಟು ನೆತ್ತಿಗೇರೋದು.

ಹೊಳೆನರಸೀಪುರದ ಸಂತೆಗೆ ಹೋಗಿದ್ದ ಪಕ್ಕದ ಮನೆಯಾಕೆ ಒಂದು ಸುದ್ದಿ ತಂದಳು. ಅಕ್ಕ ತುಂಬು ಬಸುರಿ. ಅತ್ತೆ ಇಲ್ಲದ ಮನೆ, ನೋಡಿಕೊಳ್ಳೋಕೆ ಹೆಣ್ಣು ದಿಕ್ಕಿಲ್ಲ. ಅಮ್ಮ ಸಂಜೆವರೆಗೂ ಕಾದಳು.

"ಯೇಸಪ್ಪಾ, ಚೊಚ್ಚಲು ಬಾಣಂತನ ತವರಲ್ಲಿ ಆಗ್ದೆ ಇನ್ನೆಲ್ಲಪ್ಪಾ ಆಗ್ತದೆ? ನಿಮ್ಮವ್ವ ನಿನ್ನ ಎತ್ತದ್ದು ದನದ ಕೊಟ್ಟಿಗೇಲಿ, ಆ ಕಷ್ಟ ನಿಂಗೆ ಗೊತ್ತು. ಜಾಗ ಇಲ್ಲ ಅಂತ ಬಾಗ್ಲಾಕ್ಕಂಡೋರು ಯಾರೋ, ಅವರ ಎಸರು ಬೈಬಲ್ಲಲ್ಲಿಲ್ಲ. ನಾನೂ ಯೋಳಕಿಲ್ಲ."

ಅಪ್ಪನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅವತ್ತು ಅವನ ಪ್ರಾರ್ಥನೆ ಮುದ್ದೆ ಆರೋ ಮೊದಲೇ ಮುಗಿದುಹೋಯಿತು.

ಆ ವಾರದಲ್ಲೇ ಅಮ್ಮನ ಗಂಟಲು ಕಟ್ಟಿತು. ಹಗಲೆಲ್ಲ ಕೈಸನ್ನೆಯಲ್ಲೇ ಕೆಲಸ ಹೇಳಿ, ಸಂಜೆ ಕಂಬಳಿ ಹೊದ್ದು ಮಲಗಿದಳು. ಚಾಪೆ ಅವಳ ಪಕ್ಕದಲ್ಲೇ ಹಾಸಿದೆವು. ನಾನು ನನ್ನದನ್ನು ಒದರಿ ಮುಗಿಸಿದೆ. ಅಮ್ಮನ ಸರದಿ ಬಂತು. ಸದ್ದಿಲ್ಲ. ಕಳ್ಳಗಣ್ಣಲ್ಲಿ ನೋಡಿದೆ: ಅಮ್ಮನ ತುಟಿ ಅಲ್ಲಾಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅಪ್ಪ ಕಾದ. ಅಕ್ಕನಿಗೋಸ್ಕರ ಕೇಳಿಕೊಳ್ಳೋರು ಅವತ್ತು ಯಾರೂ ಇರಲಿಲ್ಲ. ಕಾಟ ತಪ್ಪಿತು ಅಂತ ತನ್ನದನ್ನು ಶುರು ಮಾಡಬಹುದಿತ್ತು.

"ಸರ್ವಶಕ್ತನಾದ ಕರ್ತನೇ, ನಿನ್ನ ದಾಸಿಯ ಪರವಾಗಿ" ಅಂದ. ಅಲ್ಲಿಗೆ ಪುಸ್ತಕದ ಕನ್ನಡ ಕೈಕೊಟ್ಟಿತು. "ಆ ಮಗೀನ ಕಾಪಾಡಪ್ಪಾ. ಶನಿವಾರ ನಾನೇ ಓಗಿ ಕರ್ಕಂಡ್ ಬತ್ತೀನಿ. ಚನ್ನರಾಯಪಟ್ಟಣದ ಬಸ್ಸಲ್ಲಿ ಮುಂದ್ಗಡೆ ಸೀಟು ಸಿಗೋ ಅಂಗೆ ಮಾಡು, ಇಂದ್ಗಡೆ ಬಲೇ ಕುಲುಕ್ತದೆ. ನನ್ ಮುಖ ನೋಡಿ ಅವಳೂ ಬಾಗ್ಲಾಕ್ಕಂಡ್ಬುಟ್ರೆ..."

ಅಪ್ಪ ಅಳ್ತಿದ್ದ. ನನಗೂ ಅಳು ಬಂದುಬಿಟ್ಟಿತು.

"ಅಳಿಯನ್ನ ಬಿಟ್ರಲ್ಲಾ" ಅಂತ ಕಂಬಳಿಯೊಳಗಿಂದ ಕೇಳಿಸಿತು, ಸ್ಪಷ್ಟವಾಗಿ. ಗಂಟಲು ಆ ಗಳಿಗೆಯಲ್ಲಿ ಬಿಟ್ಟಿತೋ, ಮೊದಲೇ ಬಿಟ್ಟಿತ್ತೋ, ದೇವರಿಗೇ ಗೊತ್ತು.

ಪ್ರಾರ್ಥನೆಯ ಮಧ್ಯೆ ಬಾಯಿ ಹಾಕಿದ್ದಕ್ಕೆ ಗುಡುಗುತ್ತಾನೆ ಅಂತ ನಾನು ಕಾದು ಕೂತಿದ್ದೆ. ಅಪ್ಪ ಕಣ್ಣೇ ಬಿಡಲಿಲ್ಲ. ಪಂಚೆ ಚುಂಗಿನಿಂದ ಮೂಗು ಒರೆಸಿಕೊಂಡ.

"ಅಳಿಯಂಗೂ ಒಂದು ಸೀಟು ಸಿಗ್ಲಿ, ಸ್ವಾಮಿ. ನಮ್ಮೆಲ್ಲರ ಪ್ರಾರ್ಥನೆಗಳನ್ನೂ ಲಾಲಿಸು" ಅಂದ. ಈ ಸಲ "ಮಾತ್ರ" ಅನ್ನಲಿಲ್ಲ.