ಜಯಮ್ಮನವರ ಪ್ರಬಂಧದ ಹೊದಿಕೆ

ಹೊಸ ಪುಸ್ತಕದ ಅಂಟಿನ ವಾಸನೆ ಮೂಗಿಗೆ ಬಡಿದರೆ ನನ್ನಲ್ಲಿ ಈಗಲೂ ಮೊದಲು ಹುಟ್ಟುವುದು ಅನುಮಾನ. ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗದಲ್ಲಿ ಕುಳಿತು ದಶಕಗಳ ಕಾಲ ಪಿಎಚ್.ಡಿ. ಪ್ರಬಂಧಗಳನ್ನು ಸ್ವೀಕರಿಸಿದವನು ನಾನು. ಹೊದಿಕೆ, ಅಂಚು, ಪುಟಸಂಖ್ಯೆ ನೋಡದೆ ಒಂದನ್ನೂ ಒಳಗೆ ಬಿಟ್ಟವನಲ್ಲ. ಮೊನ್ನೆ ಪಾಂಡವಪುರದ ನನ್ನ ಮನೆಗೆ ಅಂಚೆಯಲ್ಲಿ ಬಂದ ವಿಶ್ವವಿದ್ಯಾನಿಲಯದ ಸ್ಮರಣ ಸಂಚಿಕೆಯನ್ನೂ ಹಾಗೆಯೇ, ಕೆಂಪು ಪೆನ್ನು ಹಿಡಿದೇ ತೆರೆದೆ. ಅದರ ಬಿಡುಗಡೆಗೆ ನನ್ನನ್ನು ಕರೆದಿರಲಿಲ್ಲ ಎಂಬುದನ್ನು ನೀವು ಗಮನದಲ್ಲಿಡಬೇಕು, ನಾನಂತೂ ಇಟ್ಟಿದ್ದೇನೆ.

ಸಂಚಿಕೆಯ ನಡುವೆ ‘ನಮ್ಮ ಮೊದಲಿಗರು’ ಎಂಬ ಪುಟಗಳಿದ್ದವು. ಮೊದಲ ಕುಲಪತಿ, ಚಿನ್ನದ ಪದಕ ಪಡೆದ ಮೊದಲ ಹೆಣ್ಣುಮಗಳು, ಹೀಗೆ. ಇತಿಹಾಸ ವಿಷಯದಲ್ಲಿ ಕನ್ನಡದಲ್ಲಿ ಬರೆದ ಮೊದಲ ಪಿಎಚ್.ಡಿ. ಪ್ರಬಂಧ ಎಂಬಲ್ಲಿ ಪೆನ್ನು ನಿಂತಿತು. ಅಲ್ಲಿದ್ದುದು ನಗರದ ಒಬ್ಬ ಅಧ್ಯಾಪಕರ ಹೆಸರು. ಇರಬೇಕಾದದ್ದು ಹೊಣಕೆರೆಯ ಜಯಮ್ಮನವರದು.

ಜಯಮ್ಮ ನಾಗಮಂಗಲದಲ್ಲಿ ಶಾಲಾ ಶಿಕ್ಷಕಿಯಾಗಿದ್ದವರು. ರಜೆ ಸಿಕ್ಕಾಗಲೆಲ್ಲ ತೊಣ್ಣೂರು ಕೆರೆಯ ಏರಿ, ತೂಬುಗಳನ್ನು ಅಳೆದು, ನೀರು ಬಿಡುವ ನೀರುಗಂಟಿಗಳ ಮಾತನ್ನು ಬರೆದುಕೊಂಡವರು. ಕನ್ನಡದಲ್ಲೇಕೆ ಬರೆಯುತ್ತೀರೆಂದು ನಾನೊಮ್ಮೆ ಕೇಳಿದ್ದೆ. “ನೀರುಗಂಟಿ ಮಾತ್ನ ಇಂಗ್ಲಿಷ್ಗೆ ತಿರುಗ್ಸುದ್ರೆ ಅದ್ರಲ್ಲಿ ನೀರೇ ಇರಾಕಿಲ್ಲ ಸಾರ್” ಎಂದಿದ್ದರು. ಶ್ರೀರಂಗಪಟ್ಟಣದಲ್ಲಿ ಆ ಪ್ರಬಂಧವನ್ನು ಟೈಪು ಮಾಡಿದ ಖಾದರ್ ಸಾಹೇಬರಂತೂ, “ತೂಬು ಎತ್ತೋದು ನಂಗೂ ಬಂದ್ಬುಡ್ತು ಟೀಚರಮ್ಮ, ಇನ್ನು ಈ ಮಿಶಿನ್ ಕೆಟ್ರೂ ಪರ್ವಾ ಇಲ್ಲ” ಎಂದು ನಗುತ್ತಿದ್ದರಂತೆ. (ಅದೇ ಶ್ರೀರಂಗಪಟ್ಟಣದಲ್ಲಿ ನನ್ನನ್ನು ಇಳಿಸದೆ ಮುಂದಕ್ಕೆ ಒಯ್ದ ಕಂಡಕ್ಟರನ ಮುಖ ಇಂದಿಗೂ ಕಣ್ಣ ಮುಂದಿದೆ. ಆ ಮಾತು ಈಗ ಬೇಡ.)

ಜಯಮ್ಮ ಪ್ರತಿಗಳನ್ನು ಎದೆಗವಚಿಕೊಂಡು ನನ್ನ ಮೇಜಿಗೆ ಬಂದ ದಿನ ಹೊದಿಕೆಯ ಮೇಲೆ ಚಿನ್ನದ ಬಣ್ಣದ ಕನ್ನಡ ಅಕ್ಷರಗಳಿದ್ದವು. ಒಳಗೆ ಏನಿದ್ದರೂ ಹೊದಿಕೆ ಇಂಗ್ಲಿಷಿನಲ್ಲಿರತಕ್ಕದ್ದು ಎಂದು ನಾನು ಹಿಂದಿರುಗಿಸಿದೆ. ಮತ್ತೆ ರಟ್ಟು ಹಾಕಿಸಲು ಅವರಿಗೆ ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಆ ಅಧ್ಯಾಪಕರು ತಮ್ಮ ಕನ್ನಡ ಪ್ರಬಂಧಕ್ಕೆ ಇಂಗ್ಲಿಷ್ ಹೊದಿಕೆ ತೊಡಿಸಿ ತಂದರು. ಸ್ವೀಕೃತಿ ವಹಿಯಲ್ಲಿ ಅವರ ಹೆಸರು ಮೇಲೆ ಬಂತು, ಜಯಮ್ಮನವರದು ಕೆಳಗೆ.

ಸಂಚಿಕೆಯವರು ವಹಿಯನ್ನು ನೋಡಿದರೇ ಹೊರತು ವಿಚಾರಿಸಲಿಲ್ಲ ಎಂದು ಕುದಿದು, ಆಕ್ಷೇಪಣಾ ಪತ್ರಕ್ಕೆ ಕುಳಿತೆ. ಮೊದಲು ಬಂದವರು ಜಯಮ್ಮನವರೇ, ಅವರನ್ನು ಹಿಂದಕ್ಕೆ ತಳ್ಳಿದ್ದು ಒಂದು ಕುರುಡು ನಿಯಮ ಎಂದು ಬರೆದು, ಆ ನಿಯಮವನ್ನು ಅಕ್ಷರಶಃ ಉದ್ಧರಿಸಲು ಜೋಪಾನವಾಗಿಟ್ಟಿದ್ದ ನಿಯಮಾವಳಿ ತೆಗೆದೆ. ಹೊದಿಕೆಯ ಮೇಲೆ ಶೀರ್ಷಿಕೆ, ಹೆಸರು, ವರ್ಷ ಇರತಕ್ಕದ್ದು ಎಂದಷ್ಟೇ ಅಲ್ಲಿತ್ತು. ಭಾಷೆಯ ಮಾತೇ ಇರಲಿಲ್ಲ. ಅದುವರೆಗೆ ಬಂದ ಹೊದಿಕೆಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ, ರೂಢಿಯನ್ನೇ ನಾನು ನಿಯಮವೆಂದು ಓದಿಕೊಂಡಿದ್ದೆ.

ನಿವೃತ್ತರಾಗಿ ಹೊಣಕೆರೆಯಲ್ಲಿರುವ ಜಯಮ್ಮನವರಿಗೆ ಫೋನು ಮಾಡಿದೆ.

“ಹಾಗೊಂದು ನಿಯಮವೇ ಇರಲಿಲ್ಲ, ಜಯಮ್ಮನವರೇ.”

“ನಂಗೆ ಅವತ್ತೇ ಗೊತ್ತಿತ್ತು ಸಾರ್. ಓದ್ಕಂಡೇ ಬಂದಿದ್ದೆ.”

“ಮತ್ತೇಕೆ ಹೇಳಲಿಲ್ಲ?”

“ಏಳ್ದೆ ಸಾರ್. ನೀವು ತಲೆ ಎತ್ನಿಲ್ಲ. ‘ನನಗೇ ನಿಯಮ ಹೇಳಿಕೊಡ್ತೀಯೇನಮ್ಮ, ಹೋಗು’ ಅಂದ್ರಿ.”

ನನಗೆ ಆದ ಅವಮಾನಗಳನ್ನು ವರ್ಷ, ವಾರ ಸಹಿತ ಹೇಳಬಲ್ಲ ನಾನು ಇದನ್ನು ಪೂರ್ತಿ ಮರೆತಿದ್ದೆ.

‘ಓಗ್ಲಿ ಬುಡಿ ಸಾರ್’ ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ.

“ಬರೀರಿ ಸಾರ್, ಬರೀಲೇಬೇಕು. ಆದ್ರೆ ಅಚ್ಚು ಆಕ್ದೋರ್ನ ಬಯ್ಬೇಡಿ” ಎಂದರು.

ಪತ್ರವನ್ನು ಹರಿದು ಹೊಸದಾಗಿ ಬರೆದೆ. ಆಕ್ಷೇಪ ಯಾರ ಮೇಲೆ ಎಂಬಲ್ಲಿ ನನ್ನ ಹೆಸರನ್ನೂ ಅಂದಿನ ಹುದ್ದೆಯನ್ನೂ ಬರೆದು ಸಹಿ ಹಾಕಿದೆ. ಅದನ್ನು ಇನ್ನೂ ಅಂಚೆಗೆ ಹಾಕಿಲ್ಲ. ಇದೀಗ ಹೊಣಕೆರೆಗೆಂದು ನಾಗಮಂಗಲದ ಬಸ್ಸಿನಲ್ಲಿ ಕುಳಿತಿದ್ದೇನೆ. ಮೊದಲು ಜಯಮ್ಮನವರು ಓದಬೇಕು. ತಪ್ಪು ಕಂಡು ಹಿಂದಿರುಗಿಸಿದರೆ, ತಿದ್ದಿಕೊಂಡು ಮತ್ತೆ ಬರುತ್ತೇನೆ.