ತುಟಿ ತಾಗದ ಕೊಳವೆ

ಸುಜಾತಾ ಗಾಜು ಕೆಡಿಸಲಿಲ್ಲ. ಕೆಡಿಸಿದವಳು ನಾನು. ಕೆಡಿಸಿ, ಅವಳ ಹೆಸರು ಹೇಳಿದೆ.

ಶಹಾಪುರದ ಆಚೆ, ಕಾಲುವೆ ಕೆಲಸ ಮುಗಿದ ಮೇಲೆ ಖಾಲಿ ಬಿದ್ದಿದ್ದ ಕ್ಯಾಂಪಿನ ಶೆಡ್ಡಿನಲ್ಲಿ ವಿಜ್ಞಾನ ಶಿಕ್ಷಕರಿಗೆ ಗಾಜು ಊದುವ ತರಬೇತಿ ಇತ್ತು. ಕಲಿಸಲು ಹೈದರಾಬಾದಿನಿಂದ ಒಬ್ಬ ಉಸ್ತಾದರು ಬಂದಿದ್ದರು. ಯಾದಗಿರಿಯ ನಮ್ಮ ಶಾಲೆಯಿಂದ ಹೋದವರು ಇಬ್ಬರು — ಸುರಪುರದ ನಾನು, ಮುದನಾಳದ ಸುಜಾತಾ. ಅವಳದು ಬೌದ್ಧ ಧರ್ಮ ಸ್ವೀಕರಿಸಿದ ದಲಿತ ಕುಟುಂಬ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾವಿಬ್ಬರೂ ಕೂಡಿಯೇ ಉಣ್ಣುತ್ತೇವೆ ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ನಿಧಾನವಾಗಿ ನೆನೆದರೆ, ನನ್ನ ಡಬ್ಬಿಯಿಂದ ಅವಳಿಗೆ ಕೊಟ್ಟದ್ದೇ ನೆನಪಾಗುತ್ತದೆ. ಅವಳ ಡಬ್ಬಿಗೆ ನಾನು ಕೈ ಹಾಕಿದ್ದು — ಇಲ್ಲ, ಒಮ್ಮೆಯೂ ಇಲ್ಲ.

ಯಾರ ಕೈ ನಿಲ್ಲದೆ ತಿರುಗುತ್ತದೋ ಅವರನ್ನು ಹೈದರಾಬಾದಿಗೆ ಕರೆಸಿಕೊಂಡು ಪೂರ್ತಿ ಕಸಬು ಕಲಿಸುತ್ತೇನೆ ಎಂದು ಉಸ್ತಾದರು ಮೊದಲೇ ಹೇಳಿದ್ದರು. ಸುಜಾತಾಳ ಜೀವವೆಲ್ಲ ಅದರ ಮೇಲಿತ್ತು. ಬಸ್ಸಿನಲ್ಲಿ ಪೆನ್ನನ್ನು ಬೆರಳುಗಳ ನಡುವೆ ಹೊರಳಿಸುತ್ತ ರೂಢಿ ಮಾಡಿಕೊಳ್ಳುತ್ತಿದ್ದಳು.

ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜು ಅಂಟಿಸಿಕೊಂಡು ತಿರುವುತ್ತಲೇ ಇರಬೇಕು; ನಿಂತರೆ ಒಂದು ಕಡೆಗೆ ಜೋಲಿ ಸೀಳುತ್ತದೆ. ಆರುವ ಮುನ್ನ ಊದಬೇಕು. ಮೊದಲ ಉಸಿರು ಸುಜಾತಾಳದು. ಗುಳ್ಳೆ ಎದ್ದಿತು. ಇನ್ನು ಅವಳು ತಿರುವಬೇಕು, ನಾನು ಊದಬೇಕು. ಉಸ್ತಾದರು ಒದ್ದೆ ಬಟ್ಟೆಯಿಂದ ಕೊಳವೆಯ ಬಾಯಿ ಒರೆಸಿಕೊಟ್ಟರು. ಶುಚಿಯ ನೆಪವೂ ನನಗೆ ಉಳಿಯಲಿಲ್ಲ. ಬೆಳಿಗ್ಗೆ ಅದೇ ಕೊಳವೆಯನ್ನು ನಮ್ಮ ಜಾತಿಯ ಇನ್ನೊಬ್ಬ ಶಿಕ್ಷಕಿ ಊದಿದ ಮೇಲೆ ನಾನೂ ಊದಿದ್ದೆ — ಆಗ ಏನೂ ಅನಿಸಿರಲಿಲ್ಲ.

ಬಗ್ಗಿದೆ. ಬಾಯಿ ಕಾಣದಂತೆ ಮುಷ್ಟಿಯನ್ನು ಅಡ್ಡ ಹಿಡಿದೆ. ಕೆನ್ನೆ ಉಬ್ಬಿಸಿದೆ. ತುಟಿ ತಾಗಿಸಲಿಲ್ಲ.

“ಊದ್ರಿ ಮೇಡಂ, ಊದ್ರಿ! ಉಪಾಸ ಅದೇನ್ರಿ ಇವತ್ತು?” ಎಂದರು ಉಸ್ತಾದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಕೆಂಪು ಇಳಿಯಿತು, ಗಾಜು ಗಟ್ಟಿಯಾಯಿತು, ಚಟ್ ಎಂದು ಸೀಳಿ ನೆಲಕ್ಕೆ ಬಿತ್ತು.

“ಯಾಕ್ರಿ, ಏನಾಯ್ತು?” ಎಂದು ಉಸ್ತಾದರು ಕೇಳಿದರು.

“ಸುಜಾತಾ ತಿರುವೋದು ನಿಲ್ಲಿಸ್ಯಾಳ್ರಿ.”

ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಗೊತ್ತಾಗಲಿಲ್ಲ ಎಂದರೂ ಸಾಕಿತ್ತು. ಸುಳ್ಳು ಅಷ್ಟು ಸಿದ್ಧವಾಗಿ ನಾಲಿಗೆಯ ಮೇಲೆ ಹೇಗಿತ್ತು — ಈಗಲೂ ನನಗೆ ಹೆದರಿಕೆಯಾಗುವುದು ಅದಕ್ಕೆ.

ಉಸ್ತಾದರು ಅವಳ ಕೈಯಿಂದ ಕೊಳವೆ ತೆಗೆದುಕೊಂಡರು. “ನೀವು ಸ್ವಲ್ಪ ಆ ಕಡಿ ಕುಂದರ್ರಿ ಮೇಡಂ. ಕೈ ಇನ್ನಾ ಕಚ್ಚಾ ಅದ.” ಮತ್ತೆ ಅವಳಿಗೆ ಸರದಿ ಬರಲಿಲ್ಲ. ಹೈದರಾಬಾದಿಗೆ ಬೇರೆ ಯಾರೋ ಹೋದರು.

ಅವತ್ತು ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತ ಅವಳು ನನ್ನ ಕಡೆ ನೋಡದೆ ಹೇಳಿದಳು: “ನನ್ನ ಕೈ ನಿಂತಿರ್ಲಿಲ್ಲಕ್ಕ. ನಿನ್ನ ಬಾಯಿ ಕೊಳವಿಗಿ ಹತ್ತಿರ್ಲಿಲ್ಲ.”

ಅವಳು ನಲ್ಲಿ ನಿಲ್ಲಿಸಿದಳು.

“ಬೆಂಕ್ಯಾಗ ಇದ್ದದ್ದಕ್ಕೂ ಮೈಲಿಗಿ ಆಗ್ತದೇನು?”

ಆಗಲೂ ಒಳಗೆ ಹೋಗಿ ನಿಜ ಹೇಳಬಹುದಿತ್ತು. ಬಾಗಿಲು ಹತ್ತಾರು ಹೆಜ್ಜೆ ದೂರದಲ್ಲಿತ್ತು. ನಾನು ಬಸ್ಸಿನ ಹೊತ್ತಾಯಿತು ಎಂದೆ.

ಇದಕ್ಕಿಂತ ಕೆಟ್ಟದ್ದು ಆಮೇಲಿನದು. ಸುಜಾತಾ ಗಾಜು ಕೆಡಿಸಿದ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ವರ್ಷ ನಗಿಸಲಿಕ್ಕೆಂದು ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅರ್ಧ ನಂಬಿಯೂ ಇದ್ದೆ. ಅವಳು ಅಲ್ಲೇ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿರುತ್ತಿದ್ದಳು. ಒಮ್ಮೆಯೂ ನನ್ನ ಮಾತಿಗೆ ಅಡ್ಡ ಬರಲಿಲ್ಲ. ಅದನ್ನು ಕ್ಷಮೆ ಎಂದುಕೊಂಡಿದ್ದೆ. ಹೇಳಿದರೆ ಯಾರು ನಂಬುತ್ತಾರೆಂಬ ಲೆಕ್ಕ ಅದೆಂದು — ತಿಳಿಯಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ.

ಬರುವ ಸೋಮವಾರ ಅದೇ ಸ್ಟಾಫ್ ರೂಮಿನಲ್ಲಿ, ನಕ್ಕವರೆಲ್ಲರ ಎದುರು ಹೇಳುತ್ತೇನೆ: ಅವಳ ಕೈ ನಿಂತಿರಲಿಲ್ಲ, ನಾನು ಊದಲಿಲ್ಲ. ಯಾಕೆ ಊದಲಿಲ್ಲ ಎಂಬುದನ್ನೂ ಹೇಳುತ್ತೇನೆ. ಅವಳು ಎದ್ದು ಹೊರಗೆ ಹೋಗಬಹುದು. ಹೋಗಲಿ. ನಾನು ಪೂರ್ತಿ ಹೇಳಿಯೇ ಕೂರುತ್ತೇನೆ.