ತೊಳೆಯಬಾರದ ಕಲ್ಲುಗಳು

ನಮ್ಮ ಬಾವಿಯ ನೀರಿಗೆ ಸಿಹಿ ವಾಸನೆ ಹಿಡಿದಾಗ ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಆಗಷ್ಟೇ ಕುಮಟೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಮನೆ ಹೊನ್ನಾವರದಲ್ಲಿ, ಬಂದರಿನಿಂದ ಕೂಗಳತೆಯ ದೂರ. ಹಿತ್ತಲಿನ ಶೆಡ್ಡಿನಲ್ಲಿ ಅಪ್ಪ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಜಿಡ್ಡು ತೊಳೆಯಲು ಭಟ್ಕಳದಿಂದ ಕ್ಯಾನುಗಟ್ಟಲೆ ದ್ರಾವಕ ತರುತ್ತಿದ್ದ. ಅದರಲ್ಲಿ ಅದ್ದಿದರೆ ಹಳೇ ಕಬ್ಬಿಣವೂ ಹೊಸದಾಗಿ ಹೊಳೆಯುತ್ತಿತ್ತು. ತೊಳೆದು ಉಳಿದದ್ದನ್ನು ಶೆಡ್ಡಿನ ಹಿಂದಿನ ಗುಂಡಿಗೆ ಸುರಿಯುತ್ತಿದ್ದ. ನಮ್ಮದು ಚಿರೆಕಲ್ಲಿನ ನೆಲ, ಸುರಿದದ್ದೆಲ್ಲ ಇಂಗುತ್ತಿತ್ತು. ಇಂಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಅಘನಾಶಿನಿ ಹೊಳೆ ಕಡಲು ಸೇರುವಲ್ಲಿನ ಕೆಸರನ್ನು ಅಭ್ಯಾಸ ಮಾಡಲು ಬಂದಿದ್ದ ಸಂಶೋಧಕಿಯೊಬ್ಬರು ನಮ್ಮ ಕಾಲೇಜಿನಲ್ಲೇ ಕೆಲಸ ಮಾಡುತ್ತಿದ್ದರು. ಬಾವಿಯ ನೀರನ್ನು ಅವರಿಗೆ ಕೊಟ್ಟೆ. ಪರೀಕ್ಷೆ ಮಾಡಿಸಿ, ಕುಡಿಯುವುದಿರಲಿ, ಕಾಯಿಸಿ ಮೀಯಲೂಬಾರದು ಎಂದರು. ಅಪ್ಪನ ದ್ರಾವಕವೇ ನೀರಿಗೆ ಇಳಿದಿತ್ತು.

ಅಪ್ಪ ಕ್ಯಾನುಗಳನ್ನು ತರುವುದು ಬಿಟ್ಟ, ಗುಂಡಿಯ ಮಣ್ಣನ್ನೇ ತೆಗೆಸಿದ. ಆದರೆ ಬಾವಿ ಕೆಟ್ಟಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅಬ್ಬೆ ತಾನೇ ಮಣ್ಣಿನ ಬುಟ್ಟಿ ಹೊತ್ತು ತೋಡಿಸಿದ ಬಾವಿ ಅದು. ಈಗ ಅವಳು ಕೊಡ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಅಪ್ಪ ಅವಳ ಹತ್ತಿರ ನೀರು ಕೇಳುವುದನ್ನೇ ಬಿಟ್ಟ. ಊಟಕ್ಕೆ ಕೂತು ಗಂಟಲು ಕಟ್ಟಿದರೂ ತಾನೇ ಎದ್ದು ಬಗ್ಗಿಸಿಕೊಳ್ಳುತ್ತಿದ್ದ. ಅದನ್ನು ನೋಡುವಾಗ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ದಾರಿ ತೋರಿಸಿದವರು ಆ ಸಂಶೋಧಕಿಯೇ. ಕೆಸರಿನಿಂದ ಗುಳ್ಳೆಗುಳ್ಳೆಯಾಗಿ ಏಳುತ್ತದಲ್ಲ, ಆ ಮೀಥೇನ್ ಗ್ಯಾಸನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳು ಆ ಕೆಸರಿನಲ್ಲೇ ಇವೆಯಂತೆ. ಗ್ಯಾಸು ಅರಗಿಸುವ ಭರದಲ್ಲಿ ಅವು ಈ ದ್ರಾವಕವನ್ನೂ ಮುರಿದುಹಾಕುತ್ತವೆ. ಇದನ್ನು ಅಪ್ಪನಿಗೆ ಹೇಳಿದೆ. ಮರುದಿನವೇ ಬಕೆಟ್ ಹಿಡಿದು ಅಘನಾಶಿನಿಯ ಬಸ್ಸು ಹತ್ತಿದ. ಅಲ್ಲಿ ಬಳಚಿನ ಚಿಪ್ಪುಮೀನು ಹೆಕ್ಕುವ ಹೆಂಗಸರು, "ಬರೀ ರಾಡಿ ಹೊತ್ಕಂಡು ಎಂತ ಮಾಡ್ತ್ರಿ?" ಎಂದು ನಕ್ಕರಂತೆ.

ಬಾವಿಕಟ್ಟೆಯ ಪಕ್ಕದ ದೊಡ್ಡ ಡ್ರಮ್ಮಿಗೆ ಕಲ್ಲುಚೂರು ತುಂಬಿ ಕೆಸರನ್ನು ಕದಡಿ ಹೊಯ್ದೆವು. ಮೇಲಿನಿಂದ ಬಾವಿಯ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯ ಗೋಬರ್ ಗ್ಯಾಸಿನಿಂದ ಎಳೆದ ಸಣ್ಣ ಕೊಳವೆಯ ಮೀಥೇನೇ ಆ ಜೀವಿಗಳ ಊಟ. ವಾರಗಳು ಕಳೆದಂತೆ ಕಲ್ಲಿನ ಮೇಲೆ ಆ ಜೀವಿಗಳು ಲೋಳೆಯಾಗಿ ಕಟ್ಟಿದವು, ಹೊರಬರುವ ನೀರಿನ ವಾಸನೆ ಇಳಿಯಿತು. ಅಪ್ಪ ಬೆಳಗಾದರೆ ಆ ಲೋಳೆಯನ್ನು ಎಳೆಗರುವಿನ ಮೈ ಸವರಿದ ಹಾಗೆ ಮುಟ್ಟಿ ನೋಡುತ್ತಿದ್ದ.

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಹಂಡೆ, ಕೊಡ, ಬಚ್ಚಲು ಎಲ್ಲವನ್ನೂ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ಮೀಯುವುದು ನಮ್ಮಲ್ಲಿ ನಡೆದುಬಂದದ್ದು. ನೀರು ಚೊಕ್ಕವಾಗುತ್ತಿದೆ ಎಂದು ನಾವೇ ಹೇಳಿದ್ದೆವು; ಚೊಕ್ಕ ಮಾಡುವುದು ಆ ಲೋಳೆ ಎಂದು ಅಬ್ಬೆಗೆ ಹೇಳಿರಲಿಲ್ಲ. ಈ ಸಲ ನಮ್ಮ ಬಾವಿಯದನ್ನೇ ತುಂಬುತ್ತೇನೆಂದು ಅಬ್ಬೆ ಹಿಗ್ಗಿದ್ದಳು. ಪಾಚಿ ಹಿಡಿದ ಪಾತ್ರೆಯಿಂದ ಹಬ್ಬದ ಹಂಡೆಗೆ ನೀರು ಹಾಕುವುದುಂಟೇ? ನಾನೂ ಅಪ್ಪನೂ ಹಬ್ಬದ ಪೇಟೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅವಳು ಕಲ್ಲುಗಳನ್ನೆಲ್ಲ ಹೊರಗೆ ತೆಗೆದು, ಬ್ಲೀಚಿಂಗ್ ಪೌಡರ್ ಹಾಕಿ, ತೆಂಗಿನ ನಾರಿನಿಂದ ಉಜ್ಜಿ ಒಣಹಾಕಿದ್ದಳು. ಬಿಸಿಲಿಗೆ ಅವು ಬೆಳ್ಳಗೆ ಕಾಣುತ್ತಿದ್ದವು.

ಅಪ್ಪನ ಮುಖ ನೋಡಿ ಅವಳಿಗೆ ಗೊತ್ತಾಯಿತು. "ಎಂತಾಯ್ತು? ನಾ ಎಂತ ಮಾಡ್ದೆ?"

ಅಪ್ಪ ಬಾವಿಕಟ್ಟೆಯ ಮೇಲೆ ಕೂತ. ಒಂದು ಕಲ್ಲನ್ನು ಕೈಯಲ್ಲಿ ತಿರುಗಿಸಿದ. ಅದನ್ನು ನೋಡುತ್ತಲೇ ಹೇಳಿದ: "ನೀ ಎಂತ ಮಾಡ್ಲಿಲ್ಲ. ತೊಳ್ದೆ ಅಷ್ಟೆ. ನಾನೂ ತೊಳ್ದೇ ಹಾಳು ಮಾಡಿದ್ದು."

ಬಾವಿ ಕೆಟ್ಟ ಮೇಲೆ ಅಪ್ಪ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಬ್ಬೆ ಸೆರಗಿನಿಂದ ಕೈ ಒರೆಸಿಕೊಂಡು ಅವನ ಪಕ್ಕ ಕೂತಳು. "ಆತು ಬಿಡಿ. ಮತ್ತೆ ರಾಡಿ ತರುವಾ," ಎಂದಳು. ಆಮೇಲೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಕೈಗೆ ಕೊಟ್ಟಳು. ಪಕ್ಕದ ಮನೆಯ ನೀರೇ. ಅಪ್ಪ ಕುಡಿದ. ನಾನು ಹಂಡೆ ನೋಡುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತೆ.

ಹಬ್ಬ ಮುಗಿದ ಮೇಲೆ ಇಬ್ಬರೂ ಸೇರಿ ಅಘನಾಶಿನಿಗೆ ಹೋಗಿಬಂದರು. ಮರುವರ್ಷದ ಹಂಡೆಗೆ ನಮ್ಮ ಡ್ರಮ್ಮಿನ ನೀರೇ ಬಿತ್ತು. ಮೀಯಲು ಅಡ್ಡಿಯಿಲ್ಲ, ಕುಡಿಯಲು ಇನ್ನಷ್ಟು ದಿನ ಕಾಯಿರಿ ಎಂದಿದ್ದರು ಸಂಶೋಧಕಿ. ಆ ಕಾಯುವಿಕೆ ಮುಗಿಯುವ ಮೊದಲೇ ಅಪ್ಪ ಹೃದಯಾಘಾತದಿಂದ ತೀರಿಕೊಂಡ. ಡ್ರಮ್ಮಿನ ಕೆಲಸ ಅಬ್ಬೆಯ ಪಾಲಿಗೆ ಬಂತು. ಬೆಳಗ್ಗೆ ಚಾ ಕಾಯಿಸುವ ಮೊದಲು ಅವಳು ಗ್ಯಾಸಿನ ಕೊಳವೆ ನೋಡುತ್ತಿದ್ದಳು. ಯಾರಾದರೂ ಕಲ್ಲು ಮುಟ್ಟಲು ಹೋದರೆ ಗದರುತ್ತಿದ್ದಳು.

ಇನ್ನು ಕುಡಿಯಬಹುದು ಎಂಬ ಮಾತು ಬಂದ ದಿನ ಅವಳು ಲೋಟ ತುಂಬಿಕೊಂಡು ಕಟ್ಟೆಯ ಮೇಲೆ, ಅಂದು ಅಪ್ಪನ ಪಕ್ಕ ಕೂತಿದ್ದ ಜಾಗದಲ್ಲೇ ಕೂತಳು. ಒಂದು ಗುಟುಕು ಕುಡಿದಳು. ವಾಸನೆ ಇದೆಯಾ ಎಂದು ಕೇಳಿದೆ.

"ಇಲ್ಲ," ಎಂದಳು. ಲೋಟವನ್ನು ಪಕ್ಕದಲ್ಲಿಟ್ಟು ಸ್ವಲ್ಪ ಸರಿದು ಕೂತಳು. "ಅವ್ರು ನೀರು ಕೇಳಿದ್ರೆ ಕೊಡ್ತಿದ್ದೆ ನಾನು. ಯಾವಾಗ್ಲೂ ಕೊಡ್ತಿದ್ದೆ."